ಅಗಿದು ಕೊಟ್ಟ ತುತ್ತು

ಕಡಲತೀರದ ರಸ್ತೆಯಲ್ಲಿ ಭಾವ ಕಾರು ಓಡಿಸುತ್ತಿದ್ದರು, ಪಕ್ಕದಲ್ಲಿ ಅಕ್ಕ. ಹಿಂದೆ ನಾನು ಮತ್ತು ಅಕ್ಕನ ಮಗಳು ಇಬ್ಬರೇ. ಕಿಟಕಿಗಳೆಲ್ಲ ಮುಚ್ಚಿದ್ದವು. ಮಗುವಿನ ಕೆನ್ನೆ ಉಬ್ಬಿದ್ದು ಕಂಡು ಬಾಯಿಗೆ ಬೆರಳು ಹಾಕಿದೆ. ನುಣ್ಣಗೆ ಅಗಿದ ಹಸಿ ಮೀನು ಲೋಳೆಯ ಸಮೇತ ಕೈಗೆ ಬಂತು. ಬೆಚ್ಚಗಿತ್ತು.

“ವ್ಯಾಕ್! ಯಾರು ಕೊಟ್ರೇ ಇದನ್ನ?”

“ಈ ಅಜ್ಜಿ,” ಮಗು ತನ್ನ ಪಕ್ಕದ ಖಾಲಿ ಸೀಟು ತೋರಿಸಿತು. “ನಂಗೆ ಹಲ್ಲು ಸಾಲಲ್ವಂತೆ, ಅವ್ರೇ ಅಗಿದು ಕೊಟ್ರು.”

“ಆಗ್ಲೇ ಬೀಚಿನ ಮರಳಲ್ಲಿ ಬಿದ್ದಿದ್ದೇನೋ ತಿಂದಿರ್ತಾಳೆ. ನೀನೊಬ್ಳು, ಎಲ್ಲದಕ್ಕೂ ವ್ಯಾಕ್ ಅಂತೀಯ!” ಅಕ್ಕ ನಕ್ಕಳು.

ಬಾಯಿ ಒರೆಸಿ, ಮಗುವನ್ನು ತೊಡೆಯ ಮೇಲೆ ಬಿಗಿಯಾಗಿ ಕೂರಿಸಿಕೊಂಡೆ.

“ಅಜ್ಜಿಗೆ ಇನ್ನು ಬೇಡ ಅನ್ನು, ಪುಟ್ಟಿ.”

“ಹೂಂ, ಚಿಕ್ಕಿ,” ಎಂದವಳು ಖಾಲಿ ಸೀಟಿನತ್ತ ತಿರುಗಿ ಹಕ್ಕಿಮರಿಯಂತೆ ಬಾಯಿ ತೆರೆದಳು. ಅಗಿಯುವ ಸದ್ದು ಕೇಳಿಸಿತು. ಅವಳ ಬಾಯಿ ತೆರೆದೇ ಇತ್ತು. ಆಮೇಲೆ ಕೆನ್ನೆ ಉಬ್ಬಿತು.