ಗೋಡೆ ತುಂಬ ನನ್ನ ಮಾತು

ನನ್ನ ಮಾತುಗಳನ್ನು ನಾನು ಮೊದಲ ಸಲ ಓದಿದ್ದು ಹೊನ್ನಾಳಿಯಲ್ಲಿ, ಮುಚ್ಚಿಹೋದ ರೈಸ್‌ಮಿಲ್ಲೊಂದರ ಗೋಡೆಯ ಮೇಲೆ.

ಶರಣು ಕರೆದಿದ್ದರು. "ನನ್ನ ಪ್ರದರ್ಶನಕ್ಕೆ ನೀನು ಬರಲೇಬೇಕು ನೇತ್ರಾ. ನಿಂಗೊಂದು ಸರ್‌ಪ್ರೈಸ್ ಐತೆ" ಅಂದಿದ್ದರು. ಡ್ಯೂಟಿ ಮುಗಿಸಿ ಖಾಕಿ ಅಂಗಿಯಲ್ಲೇ ಹೋದೆ. ಸೀರೆ ಉಡಬೇಕಿತ್ತು ಎಂದು ದಾರಿಯುದ್ದಕ್ಕೂ ಪೇಚಾಡಿಕೊಂಡೆ. ಪ್ರೀತಿಯಲ್ಲಿ ಬಿದ್ದವಳ ಚಿಂತೆ ಎಂಥದ್ದು ನೋಡಿ.

ನನ್ನೂರು ಜಗಳೂರು ಕಡೆಯ ಬಿಳಿಚೋಡು. ಚನ್ನಗಿರಿಯಿಂದ ಹೊನ್ನಾಳಿ ಮೇಲೆ ನ್ಯಾಮತಿಗೆ ಹೋಗುವ ಬಸ್ಸಿನ ಕಂಡಕ್ಟರ್ ನಾನು. ಶರಣು ಕಲಾವಿದ. ಮರ, ಮುಖ ಬರೆಯುವವರಲ್ಲ. ಜನರ ಮಾತು, ಅಕ್ಷರ, ಇವುಗಳಲ್ಲೇ ಚಿತ್ರ ಮಾಡುವವರು. ಮೊದಲ ದಿನ ಕಿಟಕಿ ಪಕ್ಕ ಕೂತು ಕಂಡ ಕಂಡ ಅಂಗಡಿ ಬೋರ್ಡುಗಳನ್ನೆಲ್ಲ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು.

"ಇಳಿಯೋ ಸ್ಟಾಪ್ ಯಾವ್ದು ಅಂತಾನೂ ಬರ್ಕೊಂಡೀರೇನ್ರಿ?" ಎಂದೆ.

"ಹೊನ್ನಾಳಿ."

"ಹೊನ್ನಾಳೀಲಿ ಬಸ್ಸು ಕಾಲು ಗಂಟೆ ನಿಂತಿತ್ತಲ್ರಿ."

ತಲೆ ಎತ್ತಿ ನೋಡಿದರು. ಕಿವಿ ಕೆಂಪಾದವು. ಆಮೇಲೆ ವಾರಕ್ಕೆರಡು ಸಲ ಹೊನ್ನಾಳಿಯಲ್ಲಿ ಇಳಿಯುವುದನ್ನು ತಪ್ಪಿಸಿಕೊಳ್ಳತೊಡಗಿದರು. ಬೇಕೆಂತಲೇ ಎಂದು ಡ್ರೈವರ್ ಹನುಮಂತಪ್ಪನವರಿಗೂ ಗೊತ್ತಾಗಿಬಿಟ್ಟಿತ್ತು.

ಟೈಪ್ ಮಾಡಲು ಪುರುಸೊತ್ತಿಲ್ಲದ ಕೆಲಸ ನನ್ನದು. ಟ್ರಿಪ್ಪುಗಳ ನಡುವೆ ಶರಣುಗೆ ವಾಯ್ಸ್ ಮೆಸೇಜ್ ಕಳಿಸುತ್ತಿದ್ದೆ, ಬಾಯಿಗೆ ಬಂದದ್ದೆಲ್ಲ. ಅತ್ತಲಿಂದ ಒಂದು ಕೆಂಪು ಹಾರ್ಟ್ ಬರುತ್ತಿತ್ತು, ಅಷ್ಟೇ. ಮಾತು ಕಡಿಮೆಯ ಮನುಷ್ಯ, ಒಂದಲ್ಲ ಒಂದು ದಿನ ಬಾಯಿಬಿಟ್ಟು ಹೇಳುತ್ತಾರೆ ಎಂದು ಎಂಟು ತಿಂಗಳು ಕಾದೆ.

ಮಿಲ್ಲಿನೊಳಗೆ ಸುಣ್ಣ ಬಳಿದ ನಾಲ್ಕೂ ಗೋಡೆಗಳ ಮೇಲೆ ಕೆಮ್ಮಣ್ಣಿನ ಅಕ್ಷರಗಳು, ಕೆಲವಂತೂ ಆಳೆತ್ತರ. ಎಲ್ಲ ನನ್ನ ವಾಯ್ಸ್ ಮೆಸೇಜಿನ ಮಾತುಗಳೇ. ನನ್ನ ದನಿ ಏರಿದ ಕಡೆ ಸಾಲು ಏರಿತ್ತು. ನಾನು ಉಸಿರು ತೆಗೆದುಕೊಂಡ ಕಡೆ ಖಾಲಿ ಜಾಗ ಬಿಟ್ಟಿದ್ದರು. ಚೆನ್ನಾಗಿತ್ತು, ಸುಳ್ಳು ಹೇಳಲಾರೆ.

'ಅಪ್ಪ ಸತ್ತ ದಿನ ನಂಗೆ ಅಳು ಬರ್ಲಿಲ್ಲ, ಹಸಿವಾಗಿತ್ತು. ಬಾಗಿಲ ಹಿಂದೆ ನಿಂತ್ಕೊಂಡು ತಂಗಳು ರೊಟ್ಟಿ ತಿಂದೆ.'

ಅವ್ವನಿಗೂ ಹೇಳದ ಮಾತದು. ಅದರ ಮುಂದೆ ಇಬ್ಬರು ಹುಡುಗಿಯರು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಪಕ್ಕದಲ್ಲಿ ವಯಸ್ಸಾದ ಹೆಂಗಸೊಬ್ಬರು ಸೆರಗಿನಿಂದ ಕಣ್ಣೊರೆಸಿಕೊಂಡು, "ನಮ್ಮನೆಯವ್ರು ಹೋದಾಗ ನಂಗೂ ಹಿಂಗೇ ಆಗಿತ್ತು ಕಣವ್ವ. ಯಾರ ಹತ್ರಾನೂ ಹೇಳಿರ್ಲಿಲ್ಲ" ಎಂದರು.

ಶರಣು ಬಂದರು. ಕೈತುಂಬ ಕೆಮ್ಮಣ್ಣು, ಕಣ್ಣುತುಂಬ ಸಂಭ್ರಮ.

"ಹೆಂಗೈತೆ? ನಿನ್ನ ಹೆಸರು ಎಲ್ಲೂ ಹಾಕಿಲ್ಲ. ಯಾರಿಗೂ ಗೊತ್ತಾಗಲ್ಲ."

"ನಂಗೆ ಗೊತ್ತಾಯ್ತಲ್ರಿ."

ಅವರ ಮುಖ ನಿಧಾನಕ್ಕೆ ಸಪ್ಪಗಾಯಿತು. "ಕೇಳಬೇಕಿತ್ತು. ಕೇಳಿದ್ರೆ ಎಲ್ಲಿ ಬೇಡ ಅಂತೀಯೋ ಅಂತ ಕೇಳ್ಲಿಲ್ಲ." ಅಪ್ಪನ ಸಾಲಿನ ಕಡೆ ನೋಡಿದರು. "ಈಗ್ಲೇ ಅಳಿಸ್ತೀನಿ."

"ಅದು ಇರ್ಲಿ. ಅಲ್ಲಿ ಕಣ್ಣೊರೆಸ್ಕೊಂತಿರೋ ಆ ಅವ್ವನಿಗೆ ಬೇಕಾಗೈತೆ."

ಅವರನ್ನು ಮೂಲೆಗೆ ಕರೆದೊಯ್ದೆ. ಅಲ್ಲಿ ಪುಟ್ಟ ಅಕ್ಷರದಲ್ಲಿ ಒಂದು ಸಾಲಿತ್ತು: 'ನೀವು ಉಂಡೆ ಅನ್ನೋತನಕ ನಾನು ಊಟದ ಡಬ್ಬಿ ತೆಗೆಯಲ್ಲ, ನೋಡ್ರಿ.'

"ಇದನ್ನ ಅಳಿಸ್ರಿ. ಅಪ್ಪಂದು ನನ್ನ ಕತೆ, ಇವತ್ತಲ್ಲ ನಾಳೆ ಯಾರಿಗಾದ್ರೂ ಹೇಳ್ತಿದ್ದೆ. ಇದು ನಿಮಗೆ ಮಾತ್ರ ಅಂತ ಹೇಳಿದ್ದು."

ಸುಣ್ಣದ ಬಕೆಟ್ ತಂದು ಬಳಿಯತೊಡಗಿದರು. ಕೆಂಪು ಸುಲಭವಾಗಿ ಹೋಗಲಿಲ್ಲ. ಎರಡನೆಯ ಸಲ ಬಳಿದಾಗಲೂ ಅಕ್ಷರಗಳು ಮಸುಕಾಗಿ ಕಾಣುತ್ತಿದ್ದವು. ಹೋಗಿ ಆ ಕೈ ಹಿಡಿದು, ಬಿಡ್ರಿ ಸಾಕು ಎನ್ನಬೇಕೆನಿಸಿತು. ಅವರ ಮೇಲಿನ ಪ್ರೀತಿ ಚೂರೂ ಕಡಿಮೆಯಾಗಿರಲಿಲ್ಲ. ಅದಕ್ಕೇ ಅಷ್ಟು ಸಂಕಟ.

"ನೇತ್ರಾ," ಎಂದರು, ಗೋಡೆಗೆ ಮುಖ ಮಾಡಿಕೊಂಡೇ. "ನಂಗೆ ನೀನು ಬೇಕು. ನೀನಿಲ್ದೆ ಇರಾಕೆ ಆಗಲ್ಲ."

ಎಂಟು ತಿಂಗಳು ಕಾದಿದ್ದ ಮಾತು.

"ಇಷ್ಟು ಗೋಡೆ ತುಂಬ ನಂದೇ ಮಾತು," ಎಂದೆ. "ನಿಮ್ದು ಅಂತ ನಾನು ಕೇಳಿದ್ದು ಇದೊಂದೇ."

"ಇನ್ಮೇಲೆ ದಿನಾ ಹೇಳ್ತೀನಿ."

"ನೀವು ಹೇಳ್ತೀರಿ. ನಾನೇನು ಹೇಳ್ಲಿ? ಬಾಯಿ ತೆಗೆದ್ರೆ ಇದೂ ಗೋಡೆಗೆ ಹೋಗ್ತೈತೇನೋ ಅನ್ನಿಸ್ತೈತೆ. ಅಳೆದು ತೂಗಿ ಮಾತಾಡ್ಕೊಂಡು ನಿಮ್ಮ ಜೊತೆ ಬಾಳಾಕೆ ನಂಗಾಗಲ್ಲ."

ಅವರು ತಿರುಗಿದರು. ಕೆನ್ನೆಯ ಮೇಲೆ ಸುಣ್ಣ ಸಿಡಿದಿತ್ತು, ಕಣ್ಣು ತುಂಬಿತ್ತು. ಖಾಕಿ ತೋಳಿನಿಂದಲೇ ಕೆನ್ನೆ ಒರೆಸಿದೆ. ನನ್ನ ಕೈಯನ್ನು ಹಾಗೇ ಹಿಡಿದುಕೊಂಡರು. ಸ್ವಲ್ಪ ಹೊತ್ತು ಬಿಡಿಸಿಕೊಳ್ಳಲಿಲ್ಲ.

"ಹಿಂಗೆ ಸುಮ್ನಿರಬೇಡ. ಏನಾದ್ರೂ ಅನ್ನು," ಎಂದರು. "ಬೈಯಾದ್ರೂ ಬೈಯಿ."

ಹೇಳುವುದು ಬೇಕಾದಷ್ಟಿತ್ತು. ಕಣ್ಣಿಗೆ ಸುಣ್ಣ ಹೋಗುತ್ತದೆ ತೊಳೆದುಕೊಳ್ಳಿ ಎನ್ನಬೇಕಿತ್ತು. ನಿಮ್ಮನ್ನು ಬಿಟ್ಟು ಇನ್ನೊಬ್ಬರನ್ನು ನೆನೆಯಲಾರೆ ಎನ್ನಬೇಕಿತ್ತು. ಎಲ್ಲವೂ ನಾಲಿಗೆಯ ತುದಿಗೆ ಬಂದು ನಿಂತವು.

ಒಂದನ್ನೂ ಹೇಳದೆ ಕೈ ಬಿಡಿಸಿಕೊಂಡು ಹೊರಗೆ ಬಂದೆ.