ಟವೆಲಿನ ಹಿಂದಿನ ಸೊನ್ನೆ

“ಮುಟ್ಟಬ್ಯಾಡ್ರಿ!”

ಅಂಜುಮ ಬೆಚ್ಚಿಬಿದ್ದಳು. ಆಸಿಮನ ಕೋಣೆಯಲ್ಲಿ ಕಂಪ್ಯೂಟರಿನ ಪರದೆಗೆ ಹೊದಿಸಿದ್ದ ಟವೆಲ್ ಅರ್ಧ ಸರಿದಿತ್ತಷ್ಟೇ. ಆಸಿಮ ಓಡಿಬಂದು ಎಳೆದು ಮುಚ್ಚಿದ.

ಬಂಗೂರನಗರದ ಕಾಲೇಜಿನಲ್ಲಿ ಅವನು ಗಣಿತದ ಉಪನ್ಯಾಸಕ, ಅವಳು ಕಾಮರ್ಸ್ ಮೇಡಮ್. ಶುಕ್ರವಾರ ಹಳಿಯಾಳದಿಂದ ಅವನ ತಾಯಿ ಹಬೀಬಾ ಬರುವವರಿದ್ದರು, ಮದುವೆಗೆ ಅಂಜುಮಳ ಒಪ್ಪಿಗೆಯನ್ನು ಅವಳ ಬಾಯಿಂದಲೇ ಕೇಳಲು. ಅವಳ ಮನಸ್ಸು ಎಂದೋ ಒಪ್ಪಿಬಿಟ್ಟಿತ್ತು. ಆದರೆ ಈ ಟವೆಲ್ಲು!

“ಏನೈತಿ ಸರ್ ಅದರಾಗ?”

“ಈಗ ಹೇಳಾಕ ಬರಂಗಿಲ್ಲ. ನಿಮ್ಮ ಲ್ಯಾಪ್‌ಟಾಪ್‌ನ್ಯಾಗ ಹಾಕಿಕೊಟ್ಟ ಲೆಕ್ಕ ಮುಗಿಯೂತನಕ ಕೇಳಬ್ಯಾಡ್ರಿ.”

ಅವನು ಕೇಳಿದನೆಂದು ಹಿಂದೆಮುಂದೆ ನೋಡದೆ ತನ್ನ ಹೊಸ ಲ್ಯಾಪ್‌ಟಾಪ್ ಕೊಟ್ಟಿದ್ದಳು; ಅವನು ಲೆಕ್ಕ ಹಚ್ಚಿ ಅದನ್ನು ಅವಳ ಮೇಜಿನ ಮೇಲೆಯೇ ಇಟ್ಟಿದ್ದ. ಪ್ರೀತಿಯಲ್ಲಿ ಬಿದ್ದವರು ಲ್ಯಾಪ್‌ಟಾಪ್ ಏನು, ಪಾಸ್‌ವರ್ಡನ್ನೂ ಕೊಡುತ್ತಾರೆ! ವಾರಗಟ್ಟಲೆಯಿಂದ ಅದು ಗುರ್‌ಗುಟ್ಟುತ್ತಲೇ ಇತ್ತು, ಮುಟ್ಟಿದರೆ ಕೈ ಸುಡುತ್ತಿತ್ತು.

“ಹುಷಾರಿರು ತಂಗಿ,” ಎಂದಳು ಲೈಬ್ರರಿಯ ನೀಲಕ್ಕ, ವಿಷಯ ಕೇಳಿ. “ನಿನ್ನ ಮಷೀನ್ದಾಗ ಏನರ ಕಳ್ಳ ಕೆಲಸ ಮಾಡಿ, ನಾಳೆ ನಿನ್ನ ಹೆಸರು ಹೇಳಿದ್ರ?”

ಅಂಜುಮಳಿಗೆ ಊಟ ಸೇರಲಿಲ್ಲ. ನನ್ನನ್ನು ಬಳಸಿಕೊಳ್ಳುತ್ತಿದ್ದಾನೆಯೇ? ಕಾರಿಡಾರಿನಲ್ಲಿ ಅವನು ನಕ್ಕರೆ ಅದೂ ನಾಟಕದಂತೆ ಕಂಡಿತು…

ಗುರುವಾರ ಮಧ್ಯಾಹ್ನ ಲ್ಯಾಪ್‌ಟಾಪ್ ಸುಮ್ಮನಾಯಿತು. ಪರದೆಯ ಮೇಲೊಂದು ಉದ್ದನೆಯ ಸಂಖ್ಯೆ. ಅದನ್ನು ಹೊತ್ತುಕೊಂಡೇ ಅವನ ಕೋಣೆಗೆ ನುಗ್ಗಿದಳು.

“ಈಗ ಹೇಳಲಿಲ್ಲಂದ್ರ ನಾಳೆ ನಿಮ್ಮ ಅಮ್ಮಿಗೆ ಒಲ್ಲೆ ಅಂತೇನಿ!”

ಆಸಿಮ ಅವಳ ಪರದೆ ನೋಡಿದ. ಮುಖ ಬಿಳಿಚಿಕೊಂಡಿತು. ತಾನೇ ಟವೆಲ್ ತೆಗೆದ. ಅಲ್ಲಿದ್ದದ್ದು ಒಂದೇ ಒಂದು ಸೊನ್ನೆ.

“ಎರಡನ್ನ ಎರಡರಿಂದ ಕೋಟಿಗಟ್ಟಲೆ ಸಲ ಗುಣಿಸಿ, ಒಂದು ಕಳೆದ್ರ ಬರೂ ಸಂಖ್ಯೆನ ಪರೀಕ್ಷೆ ಮಾಡಾಕ ಹಚ್ಚಿದ್ದೆ. ಒಂದು, ಇಲ್ಲಾ ಅದ ಸಂಖ್ಯೆ ಬಿಟ್ಟು ಬ್ಯಾರೆ ಯಾವುದರಿಂದಲೂ ಒಡೀದಿದ್ರ ಅವಿಭಾಜ್ಯ. ಪರೀಕ್ಷೆ ಕಡೀಗೆ ಸೊನ್ನೆ ಬಂದ್ರ ಅವಿಭಾಜ್ಯ, ಬ್ಯಾರೆ ಏನ ಬಂದ್ರೂ ಅಲ್ಲ. ನನಗ ಸೊನ್ನೆ ಬಂದಿತ್ತು, ಅಂದ್ರ ಯಾರಿಗೂ ಸಿಗದಷ್ಟು ದೊಡ್ಡ ಅವಿಭಾಜ್ಯ. ಆದ್ರ ಒಂದ ಮಷೀನ್ ಮಾತು ಯಾರೂ ನಂಬಂಗಿಲ್ಲ, ಇನ್ನೊಂದರಾಗ ಓಡಿಸಿ ನೋಡಬೇಕು.”

“ಅದನ್ನ ಹೇಳಾಕ ಏನಾಗಿತ್ತು?”

“ಹೇಳಿದ್ರ, ನನಗ ಬ್ಯಾಸರ ಆಗ್ತೈತಂತ ನೀವು ಇವತ್ತಿನ ಉತ್ತರ ಮುಚ್ಚಿಡ್ತಿದ್ರಿ.”

ಅವಳು ತನ್ನ ಪರದೆಯನ್ನು ಮತ್ತೊಮ್ಮೆ ನೋಡಿದಳು. ಹೌದು, ಮುಚ್ಚಿಡುತ್ತಿದ್ದೆ…

“ಅಂದ್ರ ನನ್ನಿಂದ ನಿಮ್ಮ ಸೊನ್ನೆ ಹೋತು?”

“ಎರಡರಾಗ ಒಂದು ತಪ್ಪು. ನಂದ ಇರಬೇಕು, ಹಳೇ ಮಷೀನ್.” ನಗಲು ನೋಡಿದ, ಆಗಲಿಲ್ಲ.

ಅವಳ ಕಣ್ಣು ತುಂಬಿತು. “ನಿಮ್ಮನ್ನ ಕಳ್ಳ ಅಂದುಕೊಂಡಿದ್ದೆ ರೀ…”

“ಅಂದುಕೊಳ್ರಿ. ಹಂಗ ಕೆದಕಿ ಕೇಳೂ ಹುಡುಗಿ ಅಂತನ ನಿಮ್ಮನ್ನ ಇಷ್ಟಪಟ್ಟೇನಿ, ಅಂಜುಮ. ಭಾಳ ಇಷ್ಟಪಟ್ಟೇನಿ.”

ಅವಳು ನೆಲ ನೋಡುತ್ತ ಕೇಳಿದಳು: “ಎರಡೂ ಉತ್ತರ ಕೂಡದಿದ್ರ ಮುಂದ ಏನ ಮಾಡ್ತಾರ?”

“ಮೂರನೇ ಸಲ ಓಡಿಸ್ತಾರ. ಮತ್ತ ವಾರಗಟ್ಟಲೆ ಹಿಡೀತೈತಿ.”

“ಹಿಡೀಲಿ ಬಿಡ್ರಿ. ನಮ್ಮ ಮನ್ಯಾಗ ಓಡಸೂಣು, ಇಬ್ಬರೂ ಕೂಡೇ ನೋಡೂಣು.”

“ನಮ್ಮ ಮನಿ?” ಆಸಿಮನ ಕೈಯಿಂದ ಟವೆಲ್ ಜಾರಿತು. “ನಾಳೆ ಅಮ್ಮಿ ಕೇಳಿದ್ರೂ ಹಿಂಗ ಹೇಳ್ತೀರೇನು?”

“ನಾಳೀತನಕ ಯಾಕ ಕಾಯೂದು? ಈಗ ಫೋನ್ ಹಚ್ರಿ ಅಮ್ಮಿಗೆ!”