ಗುಡ್ಡೆಮನೆಯ ಹುಳಿ ಮುಖಗಳು

"ಈಗ ಬರ್ತದೆ ನೋಡಿ," ಎಂದು ಸಾತ್ವಿಕಾ ಪಿಸುಗುಟ್ಟಿದಳು.

ಮಗುಚಿಟ್ಟ ಬಕೆಟ್ಟಿನ ಮೇಲೆ ತುದಿಗಾಲಲ್ಲಿ ನಿಂತು ಅವಳು ಟೇಸ್ಟಿಂಗ್ ರೂಮಿನ ಕಿಟಕಿಯಿಂದ ಇಣುಕುತ್ತಿದ್ದಳು. ಒಳಗೆ ದಪ್ಪ ಮೀಸೆಯ ಅಂಕಲ್ ಒಬ್ಬರು ವೈನ್ ಗ್ಲಾಸನ್ನು ತುಟಿಗೆ ತಂದಿದ್ದರು.

"ಇಳಿ ಮಗ," ಎಂದರು ಕೆಳಗೆ ನಿಂತಿದ್ದ ಧರ್ಣಪ್ಪಣ್ಣ. ಗುಡ್ಡೆಯ ಮರಗಳನ್ನೂ ಹಟ್ಟಿಯ ದನಗಳನ್ನೂ ನೋಡಿಕೊಳ್ಳುವವರು ಅವರೇ. "ಅದು ದನಕ್ಕೆ ಅಕ್ಕಚ್ಚು ಇಡುವ ಬಕೆಟ್. ಅಲ್ಲಿ ದನ ಬಾಯಾರಿ ನಿಂತಿದೆ."

"ಒಂದು ನಿಮಿಷ ಧರ್ಣಪ್ಪಣ್ಣ. ಬಂತು."

ಬಂತು. ಅಂಕಲ್‌ನ ಎಡಗಣ್ಣು ಮುಚ್ಚಿತು. ಮೂಗು ಮೇಲಕ್ಕೆ ಹೋಯಿತು. ಮೀಸೆಯ ಒಂದು ತುದಿ ಕಿವಿಯ ಕಡೆಗೆ ಹೊರಟಿತು. ಪಕ್ಕದಲ್ಲಿದ್ದ ಆಂಟಿ ಒಂದು ಗುಟುಕು ಕುಡಿದು, ಗ್ಲಾಸನ್ನು ಮೆಲ್ಲನೆ ಮೇಜಿನ ಮೇಲಿಟ್ಟು, ಅದನ್ನು ಎರಡು ಬೆರಳಿನಿಂದ ದೂರ ತಳ್ಳಿದರು.

"ನಮ್ಮ ಗುಡ್ಡೆಯದೇ ನೇರಳೆಹಣ್ಣು," ಎನ್ನುತ್ತಿದ್ದರು ಪಪ್ಪ, ಇಸ್ತ್ರಿ ಹಾಕಿದ ಬಿಳಿ ಶರ್ಟಿನಲ್ಲಿ. "ಮೊದಲ ಮಳೆಗೆ ಮಣ್ಣಿನ ಪರಿಮಳ ಬರ್ತದಲ್ಲ, ಅದು ನಿಮಗೆ ಸಿಗ್ತದೆ."

"ನನಗೆ ಸಿಕ್ಕಿದ್ದು ಬಿಂಬುಳಿಯ ಹುಳಿ," ಎಂದರು ಅಂಕಲ್.

ಎಲ್ಲರೂ ನಕ್ಕರು. ಪಪ್ಪನೂ ನಕ್ಕರು. ಆದರೆ ಅವರ ನಗು ಬೇಗ ಮುಗಿಯಿತು. ಅದನ್ನು ಕಂಡು ಸಾತ್ವಿಕಾ ಬಕೆಟ್ಟಿನಿಂದ ಇಳಿದಳು.

ವೇಣೂರಿನಿಂದ ಸ್ವಲ್ಪ ದೂರ, ಗುಡ್ಡೆಯ ಬದಿಯಲ್ಲಿ ಅವರ ಮನೆ. ಮನೆಯ ಮೇಲ್ಗಡೆ ಪಪ್ಪನ ವೈನ್ ಶೆಡ್ಡು. ಮೊದಲು ಪಪ್ಪ ದುಬೈಯ ದೊಡ್ಡ ಹೋಟೆಲಿನಲ್ಲಿದ್ದರು. ಆಗ ಸಾತ್ವಿಕಾಳಿಗೆ, ಪಪ್ಪ ಎಂದರೆ ಮೊಬೈಲಿನೊಳಗೆ ಇರುವ ಮನುಷ್ಯ ಎಂದೇ ಲೆಕ್ಕ. ಊಟಕ್ಕೆ ಕೂತಾಗ ಅವಳು ಮೊಬೈಲನ್ನು ಚೆಂಬಿಗೆ ಒರಗಿಸಿ ನಿಲ್ಲಿಸುತ್ತಿದ್ದಳು, ಪಪ್ಪನೂ ಊಟಕ್ಕೆ ಕೂರಲಿ ಎಂದು. ಈಗ ಪಪ್ಪ ನಿಜವಾಗಿ ಪಕ್ಕದಲ್ಲೇ ಕೂರುತ್ತಾರೆ, ಅವಳ ಬಟ್ಟಲಿನಿಂದ ಹಪ್ಪಳ ಕದಿಯುತ್ತಾರೆ.

ಆ ರಾತ್ರಿ ಊಟಕ್ಕೆ ಕೂತಾಗ ಪಪ್ಪ ಹಪ್ಪಳ ಕದಿಯಲಿಲ್ಲ.

"ಮುಂದಿನ ಆದಿತ್ಯವಾರ ಐರಿನ್ ಮೇಡಂ ಬರ್ತಾರೆ," ಎಂದರು ಅಮ್ಮನೊಡನೆ. "ಮಂಗಳೂರಿನ ಟೂರಿನವರು. ಮೂಡುಬಿದಿರೆ, ವೇಣೂರು ನೋಡಲು ಬರುವವರನ್ನು ಪ್ರತಿ ಶನಿವಾರ ಇಲ್ಲಿಗೂ ಕರ್ಕೊಂಡು ಬರ್ತಾರಂತೆ. ಅವರಿಗೆ ಇಷ್ಟ ಆದರೆ."

"ಆಗದಿದ್ದರೆ?" ಎಂದು ಅಮ್ಮ ಕೇಳಿದರು.

"ಹಳೇ ಹೋಟೆಲಿನವರು ಕರೀತಾ ಇದ್ದಾರೆ. ಹೋಗುವುದೇ."

ಸಾತ್ವಿಕಾ ತನ್ನ ಹಪ್ಪಳವನ್ನು ಪಪ್ಪನ ಬಟ್ಟಲಿಗೆ ಹಾಕಿದಳು. ಪಪ್ಪ ನೋಡಲಿಲ್ಲ.

"ನಾನು ಕುಡಿದರೆ ಸರಿಯೇ ಉಂಟು, ಸುಪ್ರೀತಾ. ಬಂದವರಿಗೆ ಮಾತ್ರ ಹುಳಿ. ಇವರ ನಾಲಗೆಗೆಲ್ಲ ಎಂಥ ಆಗಿದೆ? ಗ್ಲಾಸ್ ಸರಿ ಇಲ್ಲವೋ ಏನೋ. ಉದ್ದ ಕಾಲಿನದ್ದು ತರಿಸ್ತೇನೆ."

ಸೋಮವಾರ ಶಾಲೆಯಲ್ಲಿ ಊಟದ ಹೊತ್ತಿಗೆ ಗೆಳತಿ ಜಸ್ನಾ ಬಂದು ಪಕ್ಕದಲ್ಲೇ ಕೂತಳು. ಅವಳಿಗೆ ಸೋಮವಾರ ಎಂದರೆ ಮುಖಗಳ ದಿನ. ಸಾತ್ವಿಕಾ ವಾರಕ್ಕೊಮ್ಮೆ ಟೂರಿಸ್ಟುಗಳ ಮುಖ ಮಾಡಿ ತೋರಿಸುತ್ತಾಳೆ.

"ಮೀಸೆಯವರದ್ದು ಮಾಡು ಮಾರಾಯ್ತಿ."

"ಇವತ್ತು ಬೇಡ. ಮೂಡ್ ಇಲ್ಲ."

"ಹಾಗಾದ್ರೆ ಹಲ್ವ ತಿನ್ನು. ಮಾಮನ ಮದುವೆದ್ದು. ಬೆಲ್ಲದ್ದು." ಜಸ್ನಾ ದೊಡ್ಡದೊಂದು ತುಂಡನ್ನು ಅವಳ ಕೈಗಿಟ್ಟಳು.

ಹಲ್ವ ಬಾಯಲ್ಲಿ ಕರಗಿತು. ಸಾತ್ವಿಕಾ ತನ್ನ ಬ್ಯಾಗಿನಿಂದ ಕಿತ್ತಳೆ ತೆಗೆದಳು. ಬೆಳಿಗ್ಗೆ ಬಸ್ಸಿನಲ್ಲಿ ಅದರ ಅರ್ಧ ತಿಂದಿದ್ದಳು. ಜೇನಿನಂಥ ಹಣ್ಣು. ಉಳಿದದ್ದರಲ್ಲಿ ಒಂದು ತೊಳೆ ಬಾಯಿಗೆ ಹಾಕಿಕೊಂಡಳು.

ಅವಳ ಎಡಗಣ್ಣು ಮುಚ್ಚಿತು. ಮೂಗು ಮೇಲಕ್ಕೆ ಹೋಯಿತು.

"ಹಾಂ, ಇದೇ ಮೀಸೆಯವರದ್ದು," ಎಂದು ಜಸ್ನಾ ಖುಷಿಯಿಂದ ಚಪ್ಪಾಳೆ ತಟ್ಟಿದಳು. "ಮೂಡ್ ಇಲ್ಲ ಅಂದೆ?"

"ನಾನು ಮಾಡಿದ್ದಲ್ಲ. ಅದೇ ಬಂತು. ಕಿತ್ತಳೆ ಹುಳಿ ಆಗಿದೆ."

ಜಸ್ನಾ ನಂಬಲಿಲ್ಲ. ತಾನೊಂದು ತೊಳೆ ತಿಂದಳು. ಹಲ್ವ ತಿಂದ ಬಾಯಿ ಅವಳದ್ದೂ. ಅವಳ ಮುಖ ಇನ್ನೂ ಚೆನ್ನಾಗಿ ಬಂತು. ಇಬ್ಬರೂ ನಳ್ಳಿಗೆ ಓಡಿ ಬಾಯಿ ಮುಕ್ಕಳಿಸಿ, ಸ್ವಲ್ಪ ಮೊಸರನ್ನ ತಿಂದು, ಮತ್ತೆ ಕಿತ್ತಳೆ ತಿಂದು ನೋಡಿದರು. ಸಿಹಿ. ಹಲ್ವ ತಿಂದು ಮತ್ತೆ ಕಿತ್ತಳೆ ತಿಂದರು. ಹುಳಿ. ಹಲ್ವ ಮುಗಿಯುವವರೆಗೆ ಪರೀಕ್ಷೆ ನಡೆಯಿತು.

"ನಿಮ್ಮಲ್ಲಿಗೆ ಬರುವವರೆಲ್ಲ ಹಲ್ವ ತಿಂದು ಬರ್ತಾರಾ ಹಾಗಾದ್ರೆ?" ಎಂದು ಜಸ್ನಾ ಕೇಳಿದಳು.

ಸಾತ್ವಿಕಾಳ ಕಣ್ಣ ಮುಂದೆ ಅಜ್ಜಿ ಬಂದು ನಿಂತಿದ್ದರು.

ಅಜ್ಜಿ ಎಂದರೆ ಪಪ್ಪನ ಅಮ್ಮ, ಕಾಂತಿ ಅಜ್ಜಿ. ಗೇಟಿನ ಬಳಿ ಹಲಸಿನ ಮರದ ಬುಡದಲ್ಲಿ ಒಂದು ಕಲ್ಲುಹಾಸು ಉಂಟು. ಟೂರಿಸ್ಟುಗಳು ಬರುವ ದಿನ ಅಜ್ಜಿ ಅಲ್ಲಿ ಕೂರುತ್ತಾರೆ. ಒಂದು ಬದಿಯಲ್ಲಿ ನೀರಿನ ಚೆಂಬು, ಇನ್ನೊಂದು ಬದಿಯಲ್ಲಿ ಬೆಲ್ಲದ ಹರಿವಾಣ.

ಪಪ್ಪ ವೈನ್ ಶೆಡ್ಡು ಕಟ್ಟುವಾಗ ಅಜ್ಜಿ ಒಂದೇ ಮಾತು ಹೇಳಿದ್ದರು. "ಸರಕಾರವೇ ಆಗಬಹುದು ಅಂದ ಮೇಲೆ ಬೇಡ ಅನ್ನಲು ನಾನು ಯಾರು? ಮಾಡು. ಆದರೆ ಈ ಗುಡ್ಡೆ ಹತ್ತುವವರು ನನ್ನ ಕೈಯ ಬೆಲ್ಲ ನೀರು ತಗೊಂಡೇ ಹತ್ತಬೇಕು. ಅದು ಬೇಡ ಅಂತಾದರೆ ಶೆಡ್ಡೂ ಬೇಡ."

ಅಜ್ಜಿ ಕೊಡುವ ಬೆಲ್ಲವೂ ಸಣ್ಣದಲ್ಲ. ಬಾಯಿಗೆ ಹಾಕಿದರೆ ಕೆನ್ನೆ ಉಬ್ಬಬೇಕು. ಒಮ್ಮೆ ಒಬ್ಬರು, "ನನಗೆ ಶುಗರ್ ಉಂಟಜ್ಜಿ," ಎಂದಿದ್ದರು. "ಇದು ಶುಗರ್ ಅಲ್ಲ ಮಗ, ಬೆಲ್ಲ," ಎಂದು ಅಜ್ಜಿ ಕೊಟ್ಟೇಬಿಟ್ಟಿದ್ದರು. ಇನ್ನೊಮ್ಮೆ ಪಪ್ಪ, ಬೆಲ್ಲದ ಬದಲು ಪುಟ್ಟ ಕಾಗದದ ಕೊಡೆ ಸಿಕ್ಕಿಸಿದ ವೆಲ್ಕಮ್ ಡ್ರಿಂಕ್ ಕೊಡುವ ಎಂದಿದ್ದರು. ಅಜ್ಜಿ ಒಂದು ವಾರ ಪಪ್ಪನೊಡನೆ ಮಾತು ಬಿಟ್ಟಿದ್ದರು. ತಮ್ಮ ಗಂಜಿಗೆ ಚಟ್ನಿಯನ್ನೂ ಬಿಟ್ಟಿದ್ದರು.

"ದೇವರು ಯಾವ ವೇಷದಲ್ಲಿ ಬರ್ತಾರೆ ಅಂತ ಯಾರಿಗೆ ಗೊತ್ತು?" ಎಂಬುದು ಅಜ್ಜಿಯ ಮಾತು. "ಫೋನ್ ಮಾಡಿ ಬರ್ತಾರಾ?"

ಪಪ್ಪನಿಗೆ ಹೇಳಿದರೆ ಪಪ್ಪ ಬೆಲ್ಲ ನಿಲ್ಲಿಸಿ ಎನ್ನುತ್ತಾರೆ. ಅಜ್ಜಿ ಶೆಡ್ಡು ನಿಲ್ಲಿಸು ಎನ್ನುತ್ತಾರೆ. ಹೇಳದಿದ್ದರೆ ಐರಿನ್ ಮೇಡಂನ ಮುಖ ಹುಳಿಯಾಗುತ್ತದೆ, ಪಪ್ಪ ಮತ್ತೆ ಮೊಬೈಲಿನೊಳಗೆ ಹೋಗುತ್ತಾರೆ. ಬಸ್ಸಿಳಿದು ಮನೆ ಸೇರುವವರೆಗೂ ಸಾತ್ವಿಕಾ ಇದನ್ನೇ ತಿರುಗಿಸಿ ಮುರುಗಿಸಿ ಯೋಚಿಸಿದಳು. ಕೊನೆಗೆ ಒಂದು ಉಪಾಯ ಹೊಳೆಯಿತು. ಬೆಲ್ಲವೇ ಕಾಣೆಯಾದರೆ?

ಶುಕ್ರವಾರ ಸಂಜೆ ಅಜ್ಜಿ ದೇವರ ದೀಪ ಹಚ್ಚುತ್ತಿದ್ದಾಗ ಅವಳು ಅಡುಗೆಮನೆಯ ಬೆಲ್ಲದ ಭರಣಿಯನ್ನು ಅವುಚಿಕೊಂಡು ಬಂದು ತನ್ನ ಮಂಚದ ಕೆಳಗೆ ಹಳೆಯ ಚಾದರದಲ್ಲಿ ಸುತ್ತಿಟ್ಟಳು. ಭರಣಿಯ ಮುಚ್ಚಳ ಸ್ವಲ್ಪ ಸಡಿಲ ಎಂಬುದು ಅವಳಿಗೆ ಗೊತ್ತಿರಲಿಲ್ಲ.

ಇರುವೆಗಳಿಗೆ ಗೊತ್ತಿತ್ತು.

ಶನಿವಾರ ಬೆಳಿಗ್ಗೆ ಅವಳ ಕೂಗಿಗೆ ಮನೆಯವರೆಲ್ಲ ಎದ್ದರು. ಅಂಗಳದಿಂದ ಹೊರಟ ಇರುವೆಗಳ ಸಾಲು ಜಗಲಿ ಹತ್ತಿ, ಹೊಸ್ತಿಲು ದಾಟಿ, ನೇರ ಅವಳ ಮಂಚದ ಕೆಳಗೆ ಹೋಗಿತ್ತು. ದಾರಿ ತಪ್ಪಿದ ಕೆಲವು ಮಂಚದ ಮೇಲೂ ಬಂದಿದ್ದವು.

ಅಜ್ಜಿ ಬಗ್ಗಿ ಚಾದರ ಸರಿಸಿದರು. ಭರಣಿಯನ್ನು ನೋಡಿದರು. ಮೊಮ್ಮಗಳನ್ನು ನೋಡಿದರು.

"ಬೆಲ್ಲದ ಕಳ್ಳರನ್ನು ಹಿಡಿಯಲು ಪೊಲೀಸು ಬೇಡ," ಎಂದು ಪಪ್ಪನ ಕಡೆ ತಿರುಗಿದರು. "ತರುಣ, ನೀನು ಹೋಗು. ಸುಪ್ರೀತಾ, ನೀನೂ ಹೋಗಮ್ಮ. ಇವಳಲ್ಲಿ ನನಗೆ ಮಾತಾಡಲಿಕ್ಕುಂಟು."

ಅಜ್ಜಿ ಇರುವೆ ಕಚ್ಚಿದ ಅವಳ ಕಾಲಿಗೆ ತೆಂಗಿನೆಣ್ಣೆ ಹಚ್ಚುತ್ತಾ ಕೇಳಿದರು. "ತಿನ್ನಲಿಕ್ಕೆ ಬೇಕಿದ್ದರೆ ಕೇಳಬಹುದಿತ್ತು. ಇಡೀ ಭರಣಿ ಯಾಕೆ?"

ಸಾತ್ವಿಕಾಳಿಗೆ ಹೇಗೆ ಹೇಳುವುದೆಂದು ತಿಳಿಯಲಿಲ್ಲ. ಎದ್ದು ಹೋಗಿ ಒಂದು ಕಿತ್ತಳೆ ಸುಲಿದು ತಂದಳು.

"ಅಜ್ಜಿ, ಇದು ತಿನ್ನಿ."

"ಸಿಹಿ ಉಂಟು," ಎಂದರು ಅಜ್ಜಿ, ತಿಂದು.

"ಈಗ ಬೆಲ್ಲ ತಿನ್ನಿ. ನೀವು ಟೂರಿಸ್ಟಿಗೆ ಕೊಡ್ತೀರಲ್ಲ, ಅಷ್ಟು ದೊಡ್ಡದು."

"ಬೆಳಿಗ್ಗೆ ಬೆಳಿಗ್ಗೆ ಎಂಥ ಆಟ ಇದು?" ಎನ್ನುತ್ತಲೇ ಅಜ್ಜಿ ಬೆಲ್ಲ ತಿಂದರು.

"ಈಗ ಪುನಃ ಕಿತ್ತಳೆ."

ಅಜ್ಜಿಗೆ ಎದುರಿನ ಹಲ್ಲು ಇಲ್ಲ. ಆದ್ದರಿಂದ ಅವರು ಮುಖ ಹಿಂಡಿದ್ದಕ್ಕೆ ಯಾವ ಟೂರಿಸ್ಟಿನ ಮುಖವೂ ಸಾಟಿಯಿರಲಿಲ್ಲ. ಗಲ್ಲ ಹೋಗಿ ಮೂಗಿಗೆ ತಾಗಿತು. ಸಾತ್ವಿಕಾಳಿಗೆ ನಗು ಬಂತು. ಆದರೆ ಅಜ್ಜಿಯ ಮುಖ ಬಿಚ್ಚಿಕೊಂಡ ಮೇಲೆ ಆ ನಗು ತಾನಾಗಿ ನಿಂತಿತು.

ಅಜ್ಜಿ ಕಿಟಕಿಯಾಚೆ, ಮೇಲೆ ಕಾಣುವ ಶೆಡ್ಡನ್ನು ನೋಡುತ್ತಿದ್ದರು.

"ಇಷ್ಟು ಸಮಯ," ಎಂದರು. ತನ್ನ ಅಂಗೈ ನೋಡಿಕೊಂಡು, "ನನ್ನ ಕೈಯಿಂದಲೇ?" ಎಂದರು.

ಸಾತ್ವಿಕಾ ಉಳಿದ ಕಿತ್ತಳೆಯನ್ನು ಸಿಪ್ಪೆಯೊಳಗೆ ಮಡಚಿಟ್ಟಳು.

"ತರುಣನಿಗೆ ಹೇಳಿದ್ದೀಯಾ?"

"ಇಲ್ಲಜ್ಜಿ."

"ಹೂಂ," ಎಂದರು ಅಜ್ಜಿ. ಭರಣಿಯನ್ನು ಎತ್ತಿಕೊಂಡು, ಇರುವೆಗಳನ್ನು ತುಳಿಯದ ಹಾಗೆ ನೋಡಿ ನೋಡಿ ಹೆಜ್ಜೆ ಇಡುತ್ತಾ ಅಡುಗೆಮನೆಗೆ ಹೋದರು. ಮತ್ತೆ ಆ ವಿಷಯ ಎತ್ತಲಿಲ್ಲ.

ಆದಿತ್ಯವಾರ ಬೆಳಿಗ್ಗೆ ಅಡುಗೆಮನೆಯಿಂದ ಟಕ್ ಟಕ್ ಎಂದು ಕೇಳಿಸಿತು. ಅಜ್ಜಿ ಬೆಲ್ಲ ಕುಟ್ಟುತ್ತಿದ್ದರು. ಸಾತ್ವಿಕಾ ಓಡಿ ಹೋಗಿ ಹರಿವಾಣಕ್ಕೆ ಇಣುಕಿದಳು. ತುಂಡುಗಳು ಎಂದಿಗಿಂತ ದೊಡ್ಡದಾಗಿಯೇ ಇದ್ದವು. ಮೇಲೆ ಪಪ್ಪ ಉದ್ದ ಕಾಲಿನ ಹೊಸ ಗ್ಲಾಸುಗಳನ್ನು ಒರೆಸುತ್ತಿದ್ದರು. ಒರೆಸಿದ್ದನ್ನೇ ಒರೆಸುತ್ತಿದ್ದರು.

ಐರಿನ್ ಮೇಡಂನ ವ್ಯಾನು ಬಂತು. ಅವರ ಜೊತೆ ಇನ್ನೂ ಕೆಲವರು ಇಳಿದರು. ಅಜ್ಜಿ ಕಲ್ಲುಹಾಸಿನಿಂದ ಎದ್ದು ಕೈಮುಗಿದು, ಚೆಂಬಿನಿಂದ ಲೋಟಕ್ಕೆ ನೀರು ಹೊಯ್ದು ಕೊಟ್ಟರು. ಬರೀ ನೀರು. ಬೆಲ್ಲದ ಹರಿವಾಣ ಪಕ್ಕದಲ್ಲೇ ಇತ್ತು. ಅದರ ಮೇಲೆ ಬಾಳೆಲೆ ಮುಚ್ಚಿತ್ತು.

ಮರದ ಹಿಂದೆ ನಿಂತಿದ್ದ ಸಾತ್ವಿಕಾ ಉಸಿರು ಬಿಟ್ಟಳು. ಆದರೆ ಪೂರ್ತಿ ಬಿಡುವ ಮೊದಲೇ ಐರಿನ್ ಮೇಡಂ ಕೇಳಿದರು.

"ಬೆಲ್ಲ ಇಲ್ವಾ ಅಜ್ಜಿ? ನೀವು ಬೆಲ್ಲ ಕೊಡ್ತೀರಿ ಅಂತ ಎಲ್ಲರೂ ಹೇಳ್ತಾರೆ."

ಅಜ್ಜಿಯ ಮುಖ ಸಣ್ಣದಾಯಿತು. ಅವರ ಬಾಗಿಲಲ್ಲಿ ನಿಂತು ಇದುವರೆಗೆ ಯಾರಿಗೂ ಬೆಲ್ಲ ಕೇಳಿ ಪಡೆಯಬೇಕಾಗಿ ಬಂದಿರಲಿಲ್ಲ. ಬಲಗೈ ತಾನಾಗಿ ಬಾಳೆಲೆಯ ಕಡೆ ಹೋಯಿತು. ಎಲೆಯ ಅಂಚು ಮುಟ್ಟಿತು. ಅಲ್ಲೇ ನಿಂತಿತು. ಆಮೇಲೆ ಹಿಂದೆ ಬಂದು ಸೆರಗಿನ ತುದಿಯನ್ನು ಬಿಗಿಯಾಗಿ ಹಿಡಿದುಕೊಂಡಿತು.

"ಉಂಟು ಮಗ," ಎಂದರು ಅಜ್ಜಿ. "ಇಳಿದು ಬರುವಾಗ ಕೊಡ್ತೇನೆ. ಈಗ ನೀರು ಕುಡಿದು ಹೋಗಿ ಬನ್ನಿ."

ಅವರೆಲ್ಲ ಮೆಟ್ಟಿಲು ಹತ್ತಿ ಹೋದರು. ಅಜ್ಜಿ ಕಲ್ಲಿನ ಮೇಲೆ ಕೂತು, ಬಾಯೊಳಗೆ ದೇವರ ಹೆಸರು ಹೇಳುತ್ತಾ ಅವರ ಬೆನ್ನನ್ನೇ ನೋಡಿದರು. ಸೆರಗು ಹಿಡಿದ ಕೈ ಇನ್ನೂ ಬಿಟ್ಟಿರಲಿಲ್ಲ.

ಸಾತ್ವಿಕಾ ಹಿಂದಿನ ದಾರಿಯಿಂದ ಓಡಿದಳು. ಕಿಟಕಿಯ ಕೆಳಗೆ ಬಕೆಟ್ ಇರಲಿಲ್ಲ. ದನ ಅದರಲ್ಲಿ ಕುಡಿಯುತ್ತಿತ್ತು.

"ಧರ್ಣಪ್ಪಣ್ಣ, ನನ್ನನ್ನು ಎತ್ತಿ ಹಿಡೀತೀರಾ?"

"ನೀನೀಗ ಕರುವಿಗಿಂತ ಭಾರ ಇದ್ದಿ," ಎನ್ನುತ್ತಾ ಧರ್ಣಪ್ಪಣ್ಣ ಎತ್ತಿದರು. "ಕಂಡಿತಾ?"

ಐರಿನ್ ಮೇಡಂ ಗ್ಲಾಸನ್ನು ತಿರುಗಿಸಿದರು. ಮೂಸಿದರು. ಒಂದು ಗುಟುಕು ಕುಡಿದರು. ಸಾತ್ವಿಕಾ ಅವರ ಎಡಗಣ್ಣನ್ನೇ ನೋಡುತ್ತಿದ್ದಳು. ಅದು ಮುಚ್ಚಲಿಲ್ಲ. ಮೂಗು ಇದ್ದಲ್ಲೇ ಇತ್ತು. ಹುಬ್ಬುಗಳು ಮಾತ್ರ ಸ್ವಲ್ಪ ಮೇಲೆದ್ದವು.

"ಇದು ನೇರಳೆಯದ್ದಾ?" ಎಂದರು. ಇನ್ನೊಂದು ಗುಟುಕು ಕುಡಿದರು. "ಚಿಕ್ಕಂದಿನಲ್ಲಿ ಮರದ ಕೆಳಗೆ ಹೆಕ್ಕಿ ತಿಂತಿದ್ದೆವಲ್ಲ, ಅದೇ ನೆನಪಾಯ್ತು."

ಪಪ್ಪ ಏನೋ ಹೇಳಲು ಹೋದರು. ಮೊದಲ ಮಳೆ, ಮಣ್ಣಿನ ಪರಿಮಳ ಎಲ್ಲ ಮರೆತೇ ಹೋಗಿತ್ತು.

"ಇಳಿಸಲಾ?" ಎಂದು ಧರ್ಣಪ್ಪಣ್ಣ ಏದುಸಿರು ಬಿಟ್ಟರು.

ಇಳಿದು ಬರುವಾಗ ಅಜ್ಜಿ ಬಾಳೆಲೆ ತೆಗೆದರು. ಒಬ್ಬೊಬ್ಬರಿಗೂ ಈ ಕೈಗೊಂದು ತುಂಡು, ಆ ಕೈಗೊಂದು, ಮನೆಯಲ್ಲಿರುವ ಮಕ್ಕಳಿಗೆಂದು ಮತ್ತೊಂದು. ಐರಿನ್ ಮೇಡಂ ಉಬ್ಬಿದ ಕೆನ್ನೆಯಲ್ಲೇ, ಮುಂದಿನ ಶನಿವಾರದಿಂದ ವ್ಯಾನು ಬರುತ್ತದೆ ಎಂದು ಪಪ್ಪನಿಗೆ ಹೇಳಿದರು. ಪಪ್ಪನಿಗೆ ಅದು ಅರ್ಥವಾಗಲು ಅವರು ಎರಡು ಸಲ ಹೇಳಬೇಕಾಯಿತು.

ವ್ಯಾನು ಹೋಯಿತು. ಪಪ್ಪ ಉದ್ದ ಕಾಲಿನ ಗ್ಲಾಸೊಂದನ್ನು ಕೈಯಲ್ಲಿ ಹಿಡಿದುಕೊಂಡು ಹಲಸಿನ ಮರದ ಬಳಿ ಬಂದರು.

"ನೋಡಿದ್ರಾ ಅಮ್ಮ? ನಾನು ಹೇಳಿರಲಿಲ್ವಾ? ಎಲ್ಲ ಈ ಗ್ಲಾಸಿನಲ್ಲಿ ಉಂಟು. ಇಷ್ಟು ದಿನ ಗ್ಲಾಸ್ ಸರಿ ಇರಲಿಲ್ಲ, ಅಷ್ಟೇ."

ಸಾತ್ವಿಕಾಳ ಬಾಯಿ ತೆರೆಯಿತು. "ಪಪ್ಪ, ಅದು..."

ಅಜ್ಜಿ ಚೆಂಬು ಒರೆಸುತ್ತಿದ್ದರು. ಅವಳ ಕಡೆ ನೋಡಲಿಲ್ಲ. ಹೇಳಬೇಡ ಎಂದು ತಲೆ ಆಡಿಸಲೂ ಇಲ್ಲ. ಮುದುಡಿ ಹೋಗಿದ್ದ ಸೆರಗಿನ ತುದಿ ಮಾತ್ರ ಇನ್ನೂ ಹಾಗೆಯೇ ಮುದುಡಿಕೊಂಡಿತ್ತು. ಸಾತ್ವಿಕಾ ಅದನ್ನೇ ನೋಡುತ್ತಾ ನಿಂತಳು.

"ಅದು ಎಂಥ?" ಎಂದರು ಪಪ್ಪ.

"ಅದು... ಗ್ಲಾಸ್ ಚಂದ ಉಂಟು ಪಪ್ಪ."

"ಅಲ್ವಾ?" ಎಂದು ಪಪ್ಪ ಗ್ಲಾಸನ್ನು ಬೆಳಕಿಗೆ ಹಿಡಿದು ನೋಡಿ, ಶಿಳ್ಳೆ ಹಾಕುತ್ತಾ ಮೆಟ್ಟಿಲು ಹತ್ತಿದರು.

ಅಜ್ಜಿ ಚೆಂಬನ್ನು ಕೆಳಗಿಟ್ಟು, ಕಲ್ಲುಹಾಸಿನ ಮೇಲೆ ಸ್ವಲ್ಪ ಆಚೆ ಸರಿದರು. ಸಾತ್ವಿಕಾ ಹೋಗಿ ಪಕ್ಕದಲ್ಲಿ ಕೂತಳು. ಮೇಲೆ ಶೆಡ್ಡಿನಲ್ಲಿ ಪಪ್ಪ ಗ್ಲಾಸು ತೊಳೆಯುವ ಸದ್ದು ಕೇಳುತ್ತಿತ್ತು. ಇಬ್ಬರೂ ಅದನ್ನು ಕೇಳುತ್ತಾ ಕೂತರು.